ನಷ್ಟಬೋಲ್ಟು ಮೀಮಾಂಸೆ

ಭಾಟ್ಟ ಮೀಮಾಂಸಕರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲವೆಂದು ತಿಳಿಯುತ್ತದಲ್ಲ, ಆ ತಿಳಿವಿಗೆ ಬೇರೆಯದೇ ಪ್ರಮಾಣ ಬೇಕು ಎಂಬುದು ಕುಮಾರಿಲ ಭಟ್ಟನ ಕಡೆಯವರ ವಾದ. ಪ್ರಾಭಾಕರರು ಐದೇ ಸಾಕೆಂದರು. ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಬಿಚ್ಚಿಟ್ಟು, ಒಂದು ಮಳೆಗಾಲ ಕಳೆದ ಮೇಲೆ ಅದನ್ನು ಮತ್ತೆ ಜೋಡಿಸಲು ಕುಳಿತ ಅನುಭವ ಪ್ರಾಭಾಕರರಿಗೆ ಇದ್ದಂತೆ ಅವರ ಗ್ರಂಥಗಳಿಂದ ತಿಳಿದುಬರುವುದಿಲ್ಲ. ಇದ್ದಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಟೈಮಿಂಗ್ ಕವರಿನ ಅಂಚಿನಲ್ಲಿ ಬೋಲ್ಟಿಲ್ಲದ ತೂತೊಂದು ಕಣ್ಣಿಗೆ ಬಿದ್ದಾಗ ಉಂಟಾಗುವ ಜ್ಞಾನ ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಅದು ನೇರವಾಗಿ ಹೊಟ್ಟೆಯಲ್ಲಿ ಹುಟ್ಟುತ್ತದೆ.

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಕಿರಿದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಅಂಬಾಸಿಡರ್. ಅದರೊಳಗೆ ಬಹುಕಾಲ ಕೂತಿದ್ದ, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ ಸರಣಿಯ 1489 ಸಿಸಿ ಎಂಜಿನ್. ಅದನ್ನು ಬೆಂಗಳೂರಿನ ಯಾವುದೋ ಶೆಡ್ಡಿನಲ್ಲಿ ಭಾನುವಾರಗಳಂದು ಜೋಡಿಸುವ ಜೀರ್ಣೋದ್ಧಾರಕ. ಕ್ರ್ಯಾಂಕ್‌ಶಾಫ್ಟ್ ಕಳೆದುಕೊಂಡ ಜೀರ್ಣೋದ್ಧಾರಕ ಈ ತನಕ ಹುಟ್ಟಿಲ್ಲ. ಕಳೆಯುವುದೆಲ್ಲ ಅಂಗೈಯಲ್ಲಿ ಹಿಡಿಸುವಂಥದ್ದು.

ಕಳೆಯುವ ವಿಧಾನದಲ್ಲಿ ಎರಡು ಪಂಥಗಳಿವೆ. ಡಬ್ಬಾ ಪಂಥದವರು ಬಿಚ್ಚಿದ್ದನ್ನೆಲ್ಲ ಒಂದೇ ಡಬ್ಬಿಗೆ ಸುರಿದು ಮೇಲೆ ಸೀಮೆಎಣ್ಣೆ ಹೊಯ್ಯುತ್ತಾರೆ. ರಟ್ಟಿನ ಪಂಥದವರು ಕವರಿನ ಆಕಾರವನ್ನು ರಟ್ಟಿನ ಮೇಲೆ ಬರೆದು, ಪ್ರತಿ ಬೋಲ್ಟನ್ನೂ ಅದರದರ ಜಾಗದಲ್ಲಿ ಚುಚ್ಚಿಡುತ್ತಾರೆ. ಎರಡನೆಯದು ಶಾಸ್ತ್ರಸಮ್ಮತ, ಮೊದಲನೆಯದು ಬಹುಜನಸಮ್ಮತ. ಮನೆಯವರು ಆ ರಟ್ಟನ್ನು ಹಳೇ ಪೇಪರಿನವನಿಗೆ ಹಾಕಿಬಿಡುವ ಸಂಭವ ಇರುವುದರಿಂದ ಫಲದಲ್ಲಿ ಭೇದವಿಲ್ಲವೆಂದು ಡಬ್ಬಾ ಪಂಥದವರ ಆಕ್ಷೇಪ.

ಕಳೆದದ್ದನ್ನು ಕೊಂಡರಾಯಿತಲ್ಲ ಎಂಬುದು ಪೂರ್ವಪಕ್ಷ. ಚೆನ್ನೈಗೆ ಪುದುಪೇಟೆ, ದೆಹಲಿಗೆ ಮಾಯಾಪುರಿ, ಕೋಲ್ಕತ್ತಕ್ಕೆ ಮಲ್ಲಿಕ್ ಬಜಾರ್ ಇರುವಂತೆ ಬೆಂಗಳೂರಿಗೆ ಜೆ.ಸಿ. ರಸ್ತೆಯಿದೆ, ಶಿವಾಜಿನಗರದ ಗುಜರಿಯಿದೆ. ಕೌಂಟರಿನ ಈಚೆ ನಿಂತು "ಅಂಬಾಸಿಡರ್ ಟೈಮಿಂಗ್ ಕವರ್ ಬೋಲ್ಟ್ ಕೊಡಿ" ಎಂದರೆ ಆಚೆಯಿಂದ ಬರುವ ಉತ್ತರ ಒಂದೇ: "ಸ್ಯಾಂಪಲ್ ತಂದಿದೀರಾ?" ಕಳೆದುಹೋದದ್ದನ್ನು ಕೊಳ್ಳಬೇಕಾದರೆ ಕಳೆದುಹೋದದ್ದನ್ನೇ ತೋರಿಸಬೇಕು. ತಾರ್ಕಿಕರು ಇದನ್ನು ಆತ್ಮಾಶ್ರಯ ದೋಷದಲ್ಲಿ ಸೇರಿಸುತ್ತಾರೆ. ಅಂಗಡಿಯವರು ದೋಷದಲ್ಲಿ ಸೇರಿಸುವುದಿಲ್ಲ.

ಹಾಗಾಗಿ ಉಪಮಾನಕ್ಕೆ ಶರಣು. ಹಸುವನ್ನು ಕಂಡವನು ಕಾಡಿನಲ್ಲಿ ಅದನ್ನೇ ಹೋಲುವ ಗವಯವೆಂಬ ಮೃಗವನ್ನು ಗುರುತಿಸುವನೆಂದು ನೈಯಾಯಿಕರು ಹೇಳಿದ್ದಾರೆ. ಅದೇ ನ್ಯಾಯದಂತೆ ಪಕ್ಕದ ತೂತಿನ ಬೋಲ್ಟನ್ನು ಕಳಚಿ ಮಾದರಿಯಾಗಿ ಒಯ್ಯುವುದು. ಆದರೆ ನೆರೆಯ ಬೋಲ್ಟುಗಳು ದಪ್ಪದಲ್ಲಿ ಒಂದೇ ಆದರೂ ಉದ್ದದಲ್ಲಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಒಂದು ಬರೀ ಕವರನ್ನು ಹಿಡಿದಿದ್ದರೆ ಇನ್ನೊಂದು ಕವರಿನ ಜೊತೆ ಬ್ರಾಕೆಟ್ಟನ್ನೂ ಹಿಡಿದಿರುತ್ತದೆ. ಉದ್ದ ಸಾಲದಿದ್ದರೆ ಎರಡು ಸುತ್ತು ಹಿಡಿದು, ಆಮೇಲೆ ಥ್ರೆಡ್ಡನ್ನೂ ಕಿತ್ತುಕೊಂಡು ಈಚೆ ಬರುತ್ತದೆ. ಹೆಚ್ಚಾದರೆ, ಅಡಿ ಮುಚ್ಚಿದ ತೂತಿನ ತಳ ತಾಗಿ ಬೋಲ್ಟು ಬಿಗಿಯಾಗುತ್ತದೆ, ಕವರು ಅಲ್ಲಾಡುತ್ತಲೇ ಇರುತ್ತದೆ. ಆ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಇನ್ನೂ ವಿಶೇಷ: ಎಣ್ಣೆ ಕುಗ್ಗುವ ಪೈಕಿಯದಲ್ಲವಾದ್ದರಿಂದ, ಕೆಳಗಿಳಿಯುವ ಬೋಲ್ಟಿನ ಒತ್ತಡಕ್ಕೆ ಎರಕದ ಬ್ಲಾಕೇ ಸೀಳಬಹುದು.

ಇನ್ನು ಪ್ರತ್ಯಕ್ಷ. ಪಕ್ಕದ ಬೋಲ್ಟಿಗೆ ವರ್ನಿಯರ್ ಹಿಡಿದರೆ 7.9 ಮಿಲಿಮೀಟರ್ ಎನ್ನುತ್ತದೆ. ಕಣ್ಣಿಗೆ ಕಂಡದ್ದು 7.9, ಬುದ್ಧಿಗೆ ಹೊಳೆದದ್ದು 8. ಅಧಃಪತನ ಇಲ್ಲಿಂದ ಶುರು.

ಆ ಬೋಲ್ಟು ಎಂಟು ಎಂಎಂನದಲ್ಲ. ಇಂಚಿನ 5/16 ಭಾಗ, ಅಂದರೆ 7.94 ಮಿ.ಮೀ., ಇಂಚಿಗೆ 24 ಥ್ರೆಡ್ಡು. ಅದರ ಜಾಗಕ್ಕೆ ಮಾಮೂಲು ಎಂಟು ಎಂಎಂ ಬೋಲ್ಟು ಇಟ್ಟರೆ ಭಯವಿಲ್ಲ. ಅದರ ಪಿಚ್ (ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರ) 1.25 ಮಿ.ಮೀ. ಆದ್ದರಿಂದ ಅದು ಬಾಗಿಲಲ್ಲೇ ನಿಂತು ತಾನು ಈ ಮನೆಯವನಲ್ಲವೆಂದು ಒಪ್ಪಿಕೊಳ್ಳುತ್ತದೆ. ಅಪಾಯವಿರುವುದು ಎಂಟು ಎಂಎಂನಲ್ಲೇ 1.0 ಪಿಚ್ಚಿನ ಫೈನ್ ಥ್ರೆಡ್ ಬೋಲ್ಟಿನಿಂದ. ಇಂಚಿಗೆ 24 ಎಂದರೆ ಪಿಚ್ 1.058. ಮೊದಲ ಕೆಲವು ಸುತ್ತು ಬೆರಳಿನಲ್ಲೇ ಹೋಗುತ್ತದೆ. ಚಿಪ್ಪನ್ನು ಬೆಳ್ಳಿಯೆಂದು ಕಂಡವನಿಗೆ ವೇದಾಂತಿಗಳು ಆರೋಪಿಸುವ ಸಂತೋಷ ಆಗ ಉಂಟಾಗುತ್ತದೆ. ಹತ್ತು ಸುತ್ತಾಗುವಷ್ಟರಲ್ಲಿ ವ್ಯತ್ಯಾಸ ಅರ್ಧ ಮಿಲಿಮೀಟರು ದಾಟಿ, ಒಂದರ ಏಣು ಇನ್ನೊಂದರ ಕಣಿವೆಗೆ ಇಳಿಯುವ ಬದಲು ಏಣಿನ ಮೇಲೆಯೇ ಏರಿ ಕೂರುತ್ತದೆ. "ಸ್ವಲ್ಪ ಟೈಟಿದೆ ಅಷ್ಟೇ" ಎಂದು ಸ್ಪ್ಯಾನರ್ ಹಾಕಿದಲ್ಲಿಗೆ ಬ್ಲಾಕಿನ ಥ್ರೆಡ್ಡು ಮುಕ್ತಾಯ. ಮುಂದಿನದು ಕೆಟ್ಟ ತೂತಿಗೆ ಹೆಲಿಕಾಯಿಲ್ ಎಂಬ ತಂತಿಸುರುಳಿಯ ಥ್ರೆಡ್ಡು ಹಾಕುವವನ ಪಾಲು. ತಲೆಯೂ ಈ ಮಾಯೆಯಲ್ಲಿ ಭಾಗಿ. 5/16 ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಎಲ್ಲರ ಮನೆಯಲ್ಲೂ ಇರುವ 12-13 ಸ್ಪ್ಯಾನರಿನ 13ರ ಬಾಯಿ ಅದಕ್ಕೆ ಕೂರುತ್ತದೆ, ಮೂಲೆಗಳನ್ನು ಉರುಟು ಮಾಡಲು ಬೇಕಾದಷ್ಟೇ ಸಡಿಲವಾಗಿ.

ಈ ಅವ್ಯವಸ್ಥೆಯ ಮೂಲ ಹುಡುಕುವವರು 1841ಕ್ಕೆ ಹೋಗಬೇಕು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಕಾರ್ಖಾನೆಗೊಂದು ಥ್ರೆಡ್ಡು. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ನಾನಾ ವರ್ಕ್‌ಶಾಪುಗಳ ತಿರುಪುಗಳನ್ನು ಕಲೆಹಾಕಿ, ಅಳೆದು, ಸರಾಸರಿ ತೆಗೆದು, 55 ಡಿಗ್ರಿ ಕೋನದ ವ್ಯವಸ್ಥೆಯೊಂದನ್ನು ಮುಂದಿಟ್ಟ. ತಾಳೆಗರಿ ಕೂಡಿಸಿ, ಪಾಠಾಂತರ ನೋಡಿ, ಶುದ್ಧಪ್ರತಿ ಸಿದ್ಧಪಡಿಸುವ ನಮ್ಮ ಗ್ರಂಥಸಂಪಾದಕರ ವಿಧಾನವೇ ಇದು. ಶುದ್ಧಪ್ರತಿಗೆ ಆಗುವ ಗತಿಯೇ ಇದಕ್ಕೂ ಆಯಿತು: 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ ಎದ್ದು ನಿಂತು, 55 ಡಿಗ್ರಿ ಅಳೆಯುವುದು ಕಷ್ಟ, ದುಂಡಗಿನ ಏಣು ಕಡೆಯುವುದು ಕಷ್ಟ, 60 ಡಿಗ್ರಿ ಇರಲಿ, ಏಣು ಚಪ್ಪಟೆಯಾಗಿರಲಿ ಎಂದ. ಈ ಎರಡು ಮತಗಳ ದಪ್ಪ ಥ್ರೆಡ್ಡುಗಳು ಕಾಲಿಂಚಿನ ಬೋಲ್ಟಿಗೆ ಇಂಚಿಗೆ 20, 3/8 ಇಂಚಿನದಕ್ಕೆ 16 ಎಂದು ಒಪ್ಪಿಕೊಂಡೇ ಬಂದು, ಅರ್ಧ ಇಂಚಿನ ಬಳಿ ಜಗಳಕ್ಕೆ ನಿಂತವು. ಇಂಗ್ಲೆಂಡ್ 12 ಎಂದಿತು, ಅಮೆರಿಕ 13 ಎಂದಿತು. ಎರಡನೆಯ ಮಹಾಯುದ್ಧದಲ್ಲಿ ಡೆಟ್ರಾಯಿಟಿನ ಪ್ಯಾಕರ್ಡ್ ಕಂಪನಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ ತಯಾರಿಸಲು ಹೊರಟಾಗ, ಬ್ರಿಟಿಷ್ ಥ್ರೆಡ್ಡಿನ ಟ್ಯಾಪುಗಳನ್ನು ತಾನೇ ಮಾಡಿಕೊಳ್ಳಬೇಕಾಯಿತು. 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ವಾಷಿಂಗ್ಟನ್ನಿನಲ್ಲಿ ಕೂತು ಯುನಿಫೈಡ್ ಥ್ರೆಡ್ಡಿಗೆ ಸಹಿ ಹಾಕಿದವು. ಸೆಲರ್ಸನ 60 ಡಿಗ್ರಿ ಗೆದ್ದಿತು.

ನಮ್ಮ ಎಂಜಿನ್ ಆ ಒಪ್ಪಂದದ ಕೂಸು. ಭಾರತ 1956ರಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತು, 1957ರಲ್ಲಿ ನಯಾಪೈಸೆ ತಂದಿತು. ಆಣೆ, ಸೇರುಗಳನ್ನು ಬಿಟ್ಟು ದೇಶಕ್ಕೆ ದೇಶವೇ ಹತ್ತರ ಲೆಕ್ಕಕ್ಕೆ ಹೊರಳುತ್ತಿದ್ದ ಹೊತ್ತಿಗೇ ಮುಂದೆ ಮಂತ್ರಿಗಳೆಲ್ಲ ಹತ್ತಿ ಓಡಾಡಲಿದ್ದ ಕಾರು ಇಂಚಿನ ಥ್ರೆಡ್ಡು ಹೊತ್ತು ಹೊರಬಂತು. ಮುಂಬಯಿಯ ಫಿಯೆಟ್ಟಿಗೆ ಈ ತಾಪತ್ರಯವಿಲ್ಲ. ಇಟಲಿಯ ಸಂತಾನ, ಹುಟ್ಟಿನಿಂದಲೇ ಮೆಟ್ರಿಕ್.

ತಮ್ಮದೇ ಕಷ್ಟವೆಂದು ಕೊರಗುವ ಅಂಬಾಸಿಡರಿನವರು ಎಂಜಿ ಟಿಸಿ ಕಾರಿನವರನ್ನು ನೋಡಿ ಸಮಾಧಾನಪಡಬಹುದು. ಮೊದಲ ಮಹಾಯುದ್ಧದಲ್ಲಿ ಮಷೀನ್ ಗನ್ ಮಾಡಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿದ ಮೇಲೆ ಅಲ್ಲಿ ಮಾರಿಸ್ ಕಾರಿಗೆ ಎಂಜಿನ್ ತಯಾರಾಯಿತು. 1923ರಲ್ಲಿ ವಿಲಿಯಂ ಮಾರಿಸ್ ಕಾರ್ಖಾನೆಯನ್ನೇ ಕೊಂಡ. ಯಂತ್ರಗಳು ಫ್ರೆಂಚರವಾದ್ದರಿಂದ ಥ್ರೆಡ್ಡು ಮೆಟ್ರಿಕ್. ಇಂಗ್ಲಿಷ್ ಗ್ಯಾರೇಜುಗಳಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರಾದ್ದರಿಂದ ತಲೆ ವಿಟ್‌ವರ್ತ್. ಈ ನರಸಿಂಹಾವತಾರ ಟಿಸಿ ಕಾರಿನ 1250 ಸಿಸಿ ಎಂಜಿನ್ನಿನವರೆಗೂ ಮುಂದುವರಿಯಿತು. ಸಾಲದ್ದಕ್ಕೆ, ವಿಟ್‌ವರ್ತ್ ಸ್ಪ್ಯಾನರಿನ ಮೇಲೆ 3/8 ಎಂದು ಕೊರೆದಿದ್ದರೆ ಅದು ಬೋಲ್ಟಿನ ಮೈಯ ಅಳತೆ. ಸ್ಪ್ಯಾನರಿನ ಬಾಯಿ 0.71 ಇಂಚು.

ಥ್ರೆಡ್ಡು ಹೊಂದಿದ ಮಾತ್ರಕ್ಕೆ ಬೋಲ್ಟು ಅಂಗೀಕಾರಾರ್ಹವಲ್ಲ. ಶಿರಶ್ಶಾಸನವನ್ನು ಓದಬೇಕು. ಮೆಟ್ರಿಕ್ ಬೋಲ್ಟಿನ 8.8ರಲ್ಲಿ ಮೊದಲ ಎಂಟನ್ನು ನೂರರಿಂದ ಗುಣಿಸಿದರೆ ಅದು ಕಿತ್ತುಹೋಗುವ ಬಲ, 800 ಮೆಗಾಪ್ಯಾಸ್ಕಲ್. ಅದರ ಹತ್ತರಲ್ಲಿ ಎಂಟು ಪಾಲಿಗೆ, ಅಂದರೆ 640ಕ್ಕೆ, ಬೋಲ್ಟು ಹಿಗ್ಗಿ ಹಾಗೇ ಉಳಿದುಬಿಡುತ್ತದೆ ಎಂಬುದು ಎರಡನೆಯ ಎಂಟಿನ ತಾತ್ಪರ್ಯ. ಅಮೆರಿಕದ ಇಂಚು ಬೋಲ್ಟಿನ ತಲೆಯಲ್ಲಿ ಅಂಕಿಯ ಬದಲು ಗೆರೆಗಳು. ಮೂರು ಗೆರೆಯಿದ್ದರೆ ಐದನೇ ಗ್ರೇಡು, ಆರಿದ್ದರೆ ಎಂಟನೇ ಗ್ರೇಡು. ಎಣಿಸಿ ಎರಡು ಕೂಡಿಸಬೇಕು, ಯಾಕೆಂದು ಕೇಳಬಾರದು. ಏನನ್ನೂ ಬರೆಯದ ಬೋಲ್ಟು ಗೇಟಿಗೆ, ಮಂಚಕ್ಕೆ ಯೋಗ್ಯ. ಅದನ್ನು ಕನೆಕ್ಟಿಂಗ್ ರಾಡಿಗೆ ಹಾಕಿದರೆ ಎಂಜಿನ್ನು ತನ್ನ ಭಿನ್ನಾಭಿಪ್ರಾಯವನ್ನು ಬ್ಲಾಕಿನ ಪಕ್ಕೆಯಲ್ಲಿ ತೂತು ಕೊರೆದು ದಾಖಲಿಸುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಿತ್ತಾಳೆ ನಟ್ಟುಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಉತ್ಸಾಹ ಕಂಡುಬರುತ್ತದೆ: ಗಟ್ಟಿಯಿರಲಿ ಎಂದು ಉಕ್ಕಿನವನ್ನು ಹಾಕುವುದು. ಬಿಸಿಗೆ, ತುಕ್ಕಿಗೆ ಸ್ಟಡ್ಡಿನ ಜೊತೆ ಅಂಟಿಕೊಳ್ಳದಿರಲೆಂದೇ ಅಲ್ಲಿ ಹಿತ್ತಾಳೆ ಇಟ್ಟದ್ದೆಂದು ಮುಂದಿನ ಸಲ ಸ್ಟಡ್ಡು ಮುರಿದಾಗ ಗೊತ್ತಾಗುತ್ತದೆ.

ಉಳಿದದ್ದು ಶಬ್ದಪ್ರಮಾಣ. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ಎಚ್‌ಝಡ್‌ಎಸ್ 0506 ಎಂಬಂಥ ಸೂತ್ರಗಳಿವೆ. ಅಕ್ಷರಗಳ ಅರ್ಥ, ಫೈನ್ ಥ್ರೆಡ್ಡಿನ ಸೆಟ್ ಸ್ಕ್ರೂ. 05 ಎಂಬುದು ದಪ್ಪ, ಇಂಚಿನ ಹದಿನಾರನೇ ಭಾಗಗಳಲ್ಲಿ. 06 ಎಂಬುದು ಉದ್ದ, ಎಂಟನೇ ಭಾಗಗಳಲ್ಲಿ. ಒಂದೇ ಸೂತ್ರದೊಳಗೆ ಎರಡು ಮಾನ! ಪಾಣಿನಿ ಈ ಲಾಘವಕ್ಕೆ ತಲೆದೂಗಿ, ಆಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದ. ಇದಕ್ಕೆ ಭಾಷ್ಯ ಉಳಿದುಬಂದಿರುವುದು ಹಾರ್ಡ್‌ವೇರ್ ಅಂಗಡಿಗಳಲ್ಲಿ, ಬಾಯಿಂದ ಬಾಯಿಗೆ. ಅಲ್ಲಿನ ಅಳತೆ ಸೂತು. ಇಂಚಿಗೆ ಎಂಟು ಸೂತು. 5/16 ಎಂದರೆ ಎರಡೂವರೆ ಸೂತು. ಕ್ಯಾಟಲಾಗಿನ 06 ಕೂಡ ಎಂಟನೇ ಭಾಗಗಳ ಲೆಕ್ಕವೇ ಆದ್ದರಿಂದ ಅದು ಆರು ಸೂತು, ಒಂದಂಕಿಯೂ ಬದಲಾಗಬೇಕಿಲ್ಲ. ಇಂಗ್ಲೆಂಡಿನ ಗುಮಾಸ್ತ ಬರೆದಿಟ್ಟದ್ದನ್ನು ಬೆಂಗಳೂರಿನ ಅಂಗಡಿಯ ಹುಡುಗ ನೇರವಾಗಿ ಓದಬಲ್ಲ. "ಎರಡೂವರೆ ಸೂತು, ಉದ್ದ ಆರು ಸೂತು, ಫೈನ್ ಥ್ರೆಡ್" ಎಂದು ಕೇಳುವವನಿಗೆ ಯಾರೂ ಸ್ಯಾಂಪಲ್ ಕೇಳುವುದಿಲ್ಲ. ಕೋರ್ಸ್ ಥ್ರೆಡ್ ಮಾತ್ರ ಇದೆ ಎನ್ನುತ್ತಾರೆ.

ಆಗ ಗುಜರಿ. ತೂಕಕ್ಕೆ ಸಿಗುವ ಆ ರಾಶಿಯಲ್ಲಿ ಅಳತೆಪಟ್ಟಿಗಿಂತ ಜೇಬಿನಲ್ಲಿಟ್ಟ ಒಂದು ಒಳ್ಳೆಯ ನಟ್ಟು ಹೆಚ್ಚು ನಂಬಿಕಸ್ಥ. ಬೋಲ್ಟಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಆ ನಟ್ಟನ್ನು ಬೆರಳಲ್ಲೇ ಬುಡದವರೆಗೆ ತಿರುಗಿಸಬೇಕು. ನಡುವೆ ಎಲ್ಲಿ ಬಿಗಿದರೂ ಆ ಬೋಲ್ಟು ರಾಶಿಗೇ ವಾಪಸು, ಎಷ್ಟೇ ಹೊಳೆಯುತ್ತಿರಲಿ.

ಪರಿಶಿಷ್ಟ: 1990ರ ದಶಕದಲ್ಲಿ ಅಂಬಾಸಿಡರಿಗೆ ಇಸುಝು ಎಂಜಿನ್ ಬಂತು. ಅದು ಮೆಟ್ರಿಕ್ಕಾದ್ದರಿಂದ ಮೇಲಿನ ಯಾವ ಸಿದ್ಧಾಂತವೂ ಅದಕ್ಕೆ ಅನ್ವಯಿಸುವುದಿಲ್ಲ. ಹಾಗೆಂದು ನೆಮ್ಮದಿಪಡುವಂತಿಲ್ಲ. ಹತ್ತು ಎಂಎಂ ಬೋಲ್ಟಿಗೆ ಮಾಮೂಲು ಪಿಚ್ 1.5, ಜಪಾನಿನ ಕಾರುಗಳವರ ರೂಢಿ 1.25. ಅದೇ ಹತ್ತು ಎಂಎಂ ಬೋಲ್ಟಿನ ತಲೆಗೆ ಜಪಾನಿನ ಕಾರುಗಳಲ್ಲಿ 14ನೇ ನಂಬರ್ ಸ್ಪ್ಯಾನರು, ಹಳೆಯ ಜರ್ಮನ್ ಪದ್ಧತಿಯಲ್ಲಿ 17, ಅಂತರರಾಷ್ಟ್ರೀಯ ಮಾನಕದಲ್ಲಿ 16. ಈ ಮೂರು ಮತಗಳ ಖಂಡನೆ-ಮಂಡನೆಗೆ ಎರಡನೆಯ ಸಂಪುಟವನ್ನೇ ಮೀಸಲಿಡಬೇಕಾಗುತ್ತದೆ.