ಮೂರು ವರ್ಷದ ಯಜಮಾನರಿಗೊಂದು ಲ್ಯಾಪ್‌ಟಾಪ್

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಮೂರ್ನಾಲ್ಕು ವರ್ಷ ದುಡಿಸಿ ಕೈಬಿಟ್ಟ ಎಷ್ಟೋ ಲ್ಯಾಪ್‌ಟಾಪ್‌ಗಳು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಮರುಜನ್ಮಕ್ಕೆ ಕಾಯುತ್ತಿರುತ್ತವೆ. ಮೂರು ವರ್ಷದ ಮಗುವಿಗೆ ಇವೇ ಸಾಕು. ಅಂಗಡಿಯವರು ಕೇಳುವುದು, "ರ‍್ಯಾಮ್ ಎಷ್ಟು ಬೇಕು ಸಾರ್?" ನಮ್ಮ ಚಿಂತೆಯೇ ಬೇರೆ: ಸೋಫಾದಿಂದ ಬಿದ್ದರೆ ಉಳಿದೀತೇ? ಮೇಲೆ ಹತ್ತಿ ಕುಣಿದರೆ? ರಾಗಿ ಗಂಜಿ ಚೆಲ್ಲಿದರೆ?

ನನ್ನ ಓಟು ಹಳೆಯ ಥಿಂಕ್‌ಪ್ಯಾಡ್‌ಗೆ. ಅದರ ಹಲವು ಮಾದರಿಗಳಲ್ಲಿ ಕೀಬೋರ್ಡಿಗೆ ಬಿದ್ದ ನೀರು ತಳದಿಂದ ಹರಿದುಹೋಗಲು ತೂತುಗಳಿವೆ. 2022ರ ಮಳೆಯಲ್ಲಿ ಮುಳುಗಿದ ಔಟರ್ ರಿಂಗ್ ರೋಡಿಗೂ ಇಷ್ಟು ಮುಂದಾಲೋಚನೆ ಇರಲಿಲ್ಲ ಬಿಡಿ! (ಗಂಜಿಯ ಬಗ್ಗೆ ಮಾತ್ರ ಕಂಪನಿ ಮೌನ.) ಕೀಲಿಗಳ ನಡುವಿನ ಕೆಂಪು ರಬ್ಬರ್ ಟೋಪಿ ಸುಲಭವಾಗಿ ಕಿತ್ತುಬರುತ್ತದೆ, ಮಗು ಅದನ್ನು ಚೆರ್ರಿ ಎಂದುಕೊಳ್ಳುವ ಮುಂಚೆ ನೀವೇ ತೆಗೆದಿಡಿ. ಬ್ಯಾಟರಿ ಉಬ್ಬಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹಳೇ ಕಂಪನಿಯ ಬಯೋಸ್ ಪಾಸ್‌ವರ್ಡ್ ಉಳಿದಿದ್ದರೂ ಬೇಡ.

ಲಿನಕ್ಸ್ ಹಾಕಿ, ಮಕ್ಕಳ ಆಟಗಳಿರುವ ಉಚಿತ ಜಿಕಾಂಪ್ರಿ ತುಂಬಿ. ಕೋರ್ ಐ7 ಬೇಡವೇ ಬೇಡ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಪರದೆ ಸಲ್ಲದು. ಉಳಿದ 23 ಗಂಟೆ ಅದನ್ನು ಅಪ್ಪ ಬಳಸಬಹುದು, ಮಗು ಒಪ್ಪಿದರೆ.