ಮಿಷಿಗನ್ ರಕ್ಷಣಾ ಮೀಮಾಂಸೆ, ಅಥವಾ ಅರವತ್ತೈದು ಅಂಕಗಳ ಭಾಷ್ಯ

ಶಾಸ್ತ್ರಗ್ರಂಥಕ್ಕೆ ಮಂಗಳಾಚರಣೆ ಇರಬೇಕೆಂಬುದು ಶಿಷ್ಟಾಚಾರ. ಪ್ರಸ್ತುತ ಗ್ರಂಥಕಾರನು ಅದನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟಿದ್ದಾನೆ. ಈ ಶಾಸ್ತ್ರದಲ್ಲಿ ಮಂಗಳಕರವಾದ ಆರಂಭವೇ ಅನರ್ಥಕ್ಕೆ ಮೂಲವೆಂದು ಅನುಭವದಿಂದ ಸಿದ್ಧವಾಗಿದೆ. ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡ 2009ರಲ್ಲಿ ಮೊದಲ ನಾಲ್ಕು ಪಂದ್ಯಗಳನ್ನು ಸಾಲಾಗಿ ಗೆದ್ದು, ಮಿಕ್ಕ ಎಂಟರಲ್ಲಿ ಒಂದನ್ನು ಮಾತ್ರ ಗೆದ್ದಿತು. 2010ರಲ್ಲಿ ಮೊದಲ ಐದನ್ನು ಗೆದ್ದು, ಮಿಕ್ಕ ಎಂಟರಲ್ಲಿ ಎರಡನ್ನು ಗೆದ್ದಿತು. ಆದ್ದರಿಂದ ನೇರವಾಗಿ ಅಮಂಗಳದಿಂದಲೇ ಆರಂಭಿಸುವುದು ಕ್ಷೇಮ.

ಇನ್ನು ಅನುಬಂಧ ಚತುಷ್ಟಯ. ವಿಷಯ: 2008ರಿಂದ 2010ರವರೆಗೆ ರಿಚ್ ರಾಡ್ರಿಗೆಜ್ ಎಂಬ ಕೋಚ್ ನಡೆಸಿದ ತಂಡದ ಡಿಫೆನ್ಸು, ಮತ್ತು ಅದರ ಬಗ್ಗೆ ಅಭಿಮಾನಿಗಳು ನಡೆಸಿದ, ನಡೆಸುತ್ತಿರುವ, ನಡೆಸಲಿರುವ ವಾದ. ಸಂಬಂಧ: ಡಿಫೆನ್ಸಿಗೂ ಎದುರಾಳಿಯ ಓಟಕ್ಕೂ ಸಂಬಂಧವಿರಲಿಲ್ಲ ಎಂಬುದೇ ಇಲ್ಲಿಯ ಸಂಬಂಧ. ಪ್ರಯೋಜನ: ಇಲ್ಲ. ಅಧಿಕಾರಿ ಯಾರೆಂಬುದು ಮಾತ್ರ ಜಟಿಲವಾದ ಪ್ರಶ್ನೆ. ಅದಕ್ಕೆ ಪ್ರತ್ಯೇಕ ಪ್ರಕರಣವೇ ಬೇಕು.

ಅಧಿಕಾರಿ ಪ್ರಕರಣ

ಆ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್ ಕ್ಷೇತ್ರದ ಸ್ಟೇಡಿಯಮ್ಮಿನಲ್ಲಿ 2010ರ ವೇಳೆಗೆ 1,09,901 ಆಸನಗಳಿದ್ದವು. 1975ರ ನವೆಂಬರಿನಿಂದ ಅಲ್ಲಿ ಜನರನ್ನು ಒಳಗೆ ಬಿಟ್ಟ ಪ್ರತಿ ಪಂದ್ಯಕ್ಕೂ ಲಕ್ಷ ಮೀರಿ ಜನ ಸೇರಿದ್ದಾರೆ. ಇಷ್ಟೂ ಮಂದಿ ಡಿಫೆನ್ಸ್ ವಿಷಯದಲ್ಲಿ ಮಾತನಾಡಲು ಅರ್ಹರು. ಅರ್ಹತೆ ಟಿಕೆಟ್ಟಿನ ಜೊತೆಗೇ ಬರುತ್ತದೆ. ಎಂ.ಎಸ್. ಓದಲೆಂದು ಹೋದ ನಮ್ಮ ಕಡೆಯ ಹುಡುಗರು ಕೂಡ ಕ್ರಿಕೆಟ್ಟೆಂಬ ಪೂರ್ವಾಶ್ರಮವನ್ನು ಮರೆತು, ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಮೂವರು ಲೈನ್‌ಮನ್‌ಗಳು ಸಾಲುವುದಿಲ್ಲವೆಂದು ಖಂಡಿಸತೊಡಗುತ್ತಾರೆ. ಡಿಫೆನ್ಸ್ ಬಗ್ಗೆ ಮಾತಾಡುವ ಅರ್ಹತೆ ಯಾರಿಗಾದರೂ ಇಲ್ಲದಿದ್ದರೆ, ಅದು ಡಿಫೆನ್ಸಿನಲ್ಲಿ ಆಡಿದ ಹನ್ನೊಂದು ಮಂದಿಗೆ ಮಾತ್ರ ಎಂಬುದು ಸ್ಟೇಡಿಯಮ್ಮಿನ ಸರ್ವಸಮ್ಮತ ಮತ.

ಕೋಚ್ ಆಗಲು ಯಾರು ಅರ್ಹರು ಎಂಬುದಕ್ಕೆ ಇಲ್ಲಿ 'ಮಿಷಿಗನ್ ಮ್ಯಾನ್' ಎಂಬ ಲಕ್ಷಣ ರೂಢಿಯಲ್ಲಿದೆ. 1989ರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಬೇರೆ ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡಾಗ, ಆಗ ಫುಟ್ಬಾಲ್ ಕೋಚ್ ಆಗಿರುವುದರ ಜೊತೆಗೆ ಕ್ರೀಡಾ ನಿರ್ದೇಶಕರೂ ಆಗಿದ್ದ ಬೋ ಶೆಂಬೆಕ್ಲರ್ ಮಿಷಿಗನ್ ತಂಡವನ್ನು ಮಿಷಿಗನ್ನಿನವನೇ ನಡೆಸಬೇಕೆಂದು ಹೇಳಿ ಆತನನ್ನು ಟೂರ್ನಿಯ ಮುನ್ನವೇ ಕಳಿಸಿಬಿಟ್ಟರು. ಸಹಾಯಕನಾಗಿದ್ದ ಸ್ಟೀವ್ ಫಿಶರ್ ತಂಡವನ್ನು ಚಾಂಪಿಯನ್ ಮಾಡಿದ. ಅಂದಿನಿಂದ ಈ ಮಾತಿಗೆ ಶ್ರುತಿವಾಕ್ಯದ ಪದವಿ. ಶೆಂಬೆಕ್ಲರ್ ಹುಟ್ಟಿದ್ದು ಓಹಾಯೋದಲ್ಲಿ, ಓದಿದ್ದು ಓಹಾಯೋದಲ್ಲಿ, ಸಹಾಯಕ ಕೋಚಾಗಿ ಪಳಗಿದ್ದು ಓಹಾಯೋ ಸ್ಟೇಟಿನ ವುಡಿ ಹೇಯ್ಸ್ ಬಳಿ ಎಂಬುದನ್ನು ಪೂರ್ವಪಕ್ಷಿಗಳು ಎತ್ತಿ ತೋರಿಸುವುದುಂಟು. ಅವರಿಗೆ ಉತ್ತರ ಸಿದ್ಧವಿದೆ: ಶ್ರುತಿ ಅಪೌರುಷೇಯ, ಅದನ್ನು ನುಡಿದವನ ಊರು ಕೇಳಬಾರದು. ರಾಡ್ರಿಗೆಜ್ ವೆಸ್ಟ್ ವರ್ಜೀನಿಯಾದಿಂದ ಬಂದವನು, ಗೆಲ್ಲುತ್ತಲೂ ಇರಲಿಲ್ಲ. ಗೆದ್ದಿದ್ದರೆ ಅವನ ಊರನ್ನು ಯಾರೂ ಕೇಳುತ್ತಿರಲಿಲ್ಲ. ಈ ಸೂಕ್ಷ್ಮವನ್ನು ಭಾಷ್ಯಕಾರರು ಗುರುತಿಸದೆ ಬಿಟ್ಟಿದ್ದಾರೆ.

ದ್ವೈತೋತ್ಪತ್ತಿ ಪ್ರಕರಣ

ಆದಿಯಲ್ಲಿ ಆಟ ಅದ್ವೈತವಾಗಿತ್ತು. ದಾಳಿ ಮಾಡಿದವನೇ ಚೆಂಡು ಕೈತಪ್ಪಿದ ಮರುಕ್ಷಣ ರಕ್ಷಣೆಗೂ ನಿಲ್ಲುತ್ತಿದ್ದ. ಬೈಗುಳವೂ ಒಬ್ಬನಿಗೇ ಸಲ್ಲುತ್ತಿತ್ತು. ಆ ಕೃತಯುಗದಲ್ಲಿ, ಅಂದರೆ 1901ರಲ್ಲಿ, ಫೀಲ್ಡಿಂಗ್ ಯೋಸ್ಟ್ ನಡೆಸಿದ ಮಿಷಿಗನ್ ತಂಡ ಹನ್ನೊಂದು ಪಂದ್ಯಗಳಲ್ಲಿ 550 ಅಂಕ ಗಳಿಸಿ, ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಅಭಿಮಾನಿಗಳು ಆಗ ಏನನ್ನು ಚರ್ಚಿಸುತ್ತಿದ್ದರೋ ಪಾಪ.

ಭೇದ ಹುಟ್ಟಿದ್ದು 1945ರ ಅಕ್ಟೋಬರಿನಲ್ಲಿ. ಮಿಷಿಗನ್ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಬಳಿ ಬಲಿಯದ ಹುಡುಗರಿದ್ದರು. ಎದುರಿಗೆ ಆ ಕಾಲದ ಅಜೇಯ ಆರ್ಮಿ ತಂಡ. ಯುದ್ಧಕಾಲದಲ್ಲಿ ಬದಲಿ ಆಟಗಾರರ ನಿಯಮ ಸಡಿಲವಾದದ್ದನ್ನು ಹಿಡಿದುಕೊಂಡು ಆತ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ ಎಂದು ತಂಡವನ್ನೇ ಎರಡಾಗಿ ಸೀಳಿದ. ಮಿಷಿಗನ್ 28-7ರಿಂದ ಸೋತಿತು, ಸಿದ್ಧಾಂತ ಗೆದ್ದಿತು. ಆರ್ಮಿಯ ಕೋಚೇ ಅದನ್ನು ಕಲಿತುಕೊಂಡ, ಕಾಲಕ್ರಮದಲ್ಲಿ ದೇಶವೆಲ್ಲ ಒಪ್ಪಿಕೊಂಡಿತು. ಜಗತ್ತಿಗೆ ಈ ದ್ವೈತವನ್ನು ಕಲಿಸಿದ ಊರೇ ಅರವತ್ತೈದು ವರ್ಷಗಳ ನಂತರ, ಒಂದು ಪಡೆ 67 ಅಂಕ ಗಳಿಸುವುದನ್ನೂ ಇನ್ನೊಂದು ಪಡೆ 65 ಅಂಕ ಸುರಿದುಕೊಡುವುದನ್ನೂ ಒಂದೇ ಮಧ್ಯಾಹ್ನ ನೋಡಬೇಕಾಯಿತು. ನಮ್ಮ ಶಾಸ್ತ್ರದ ಮೂಲಗ್ರಂಥ ಈ ಪಂದ್ಯವೇ. 2010ರ ನವೆಂಬರ್ 6, ಎದುರಾಳಿ ಇಲಿನಾಯ್.

ಪ್ರಮಾಣ ಪ್ರಕರಣ

ಪ್ರತ್ಯಕ್ಷದಿಂದ ಆರಂಭಿಸೋಣ. ನಿಗದಿತ ಸಮಯ ಮುಗಿದಾಗ 45-45. ಆಮೇಲೆ ಮೂರು ಓವರ್‌ಟೈಮ್. ಮಿಷಿಗನ್ನಿನ ಇತಿಹಾಸದಲ್ಲೇ ಯಾವ ಎದುರಾಳಿಗೂ ಅಷ್ಟು ಅಂಕ ಸಿಕ್ಕಿರಲಿಲ್ಲ. ಸ್ಟೇಡಿಯಮ್ಮಿನಲ್ಲಿದ್ದವರೆಲ್ಲ ಅದನ್ನು ಕಣ್ಣಾರೆ ಕಂಡರು. ಆದರೂ ಪ್ರತ್ಯಕ್ಷವು ಇಲ್ಲಿ ಪ್ರಮಾಣವಾಗಲಾರದು: ಕಂಡದ್ದನ್ನು ನಂಬುವುದಕ್ಕೆ ಕಂಡವರೇ ಸಿದ್ಧರಿರಲಿಲ್ಲ.

ಉಪಮಾನ: ಕಾಡೆಮ್ಮೆಯನ್ನು ಕಾಣದವನಿಗೆ ಅದು ನಿನ್ನ ಮನೆಯ ಹಸುವಿನಂತೆಯೇ ಇರುತ್ತದೆ ಎಂದು ನೈಯಾಯಿಕರು ಹೇಳಿಕೊಡುತ್ತಾರೆ. ಡಿಫೆನ್ಸನ್ನು ಕಾಣದ ಹೊಸ ಅಭಿಮಾನಿಗೆ, ಅದು ಓಹಾಯೋ ಸ್ಟೇಟಿನಲ್ಲಿ ಇರುವಂಥದ್ದು ಎಂದು ತೋರಿಸಿಕೊಡಬೇಕಾಗಿ ಬಂತು. ಈ ಪ್ರಮಾಣದ ಬಗ್ಗೆ ಇನ್ನು ಮಾತು ಬೇಡ. ಆ ವಿಶ್ವವಿದ್ಯಾಲಯದ ಹೆಸರನ್ನು ಆನ್ ಆರ್ಬರಿನಲ್ಲಿ ಊಟದ ಹೊತ್ತಿಗೆ ಎತ್ತಬಾರದು.

ಅರ್ಥಾಪತ್ತಿ ಹೆಚ್ಚು ಫಲದಾಯಕ. ದೇವದತ್ತನು ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಹಾಗೆಯೇ ಈ ತಂಡ 65 ಅಂಕ ಕೊಟ್ಟಿದೆ, ಆದರೂ ಗೆದ್ದಿದೆ. ಹಾಗಾದರೆ ಡೆನಾರ್ಡ್ ರಾಬಿನ್‌ಸನ್ ಎಂಬುವನೊಬ್ಬ ಎಲ್ಲೋ ಓಡುತ್ತಿರಬೇಕು. ಓಡುತ್ತಿದ್ದ. ಕ್ವಾರ್ಟರ್‌ಬ್ಯಾಕ್ ಆಗಿದ್ದೂ ಆ ವರ್ಷ 1,702 ಗಜ ಓಡಿದ. ಅಲ್ಲಿಯವರೆಗೆ ಆ ಸ್ಥಾನದಲ್ಲಿ ಆಡಿದ ಯಾರೂ ಒಂದು ವರ್ಷದಲ್ಲಿ ಅಷ್ಟು ಓಡಿರಲಿಲ್ಲ. ಶೂಗಳಿಗೆ ಲೇಸು ಕಟ್ಟದೆ ಆಡುತ್ತಿದ್ದ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ತನ್ನ ಡಿಫೆನ್ಸ್ ಎಷ್ಟು ಬೇಗ ಮತ್ತೆ ತನ್ನನ್ನು ಮೈದಾನಕ್ಕೆ ಕರೆಸುತ್ತದೆಂದು ತಿಳಿದವನು ಲೇಸು ಬಿಚ್ಚಿ ಕಟ್ಟುವುದರಲ್ಲಿ ಕಾಲ ಕಳೆಯಲಾರ ಎಂದು ಒಬ್ಬ ಟೀಕಾಕಾರನ ಊಹೆ. ಗ್ರಂಥಕಾರನೇ ಆ ಟೀಕಾಕಾರ.

ಆದರೆ ನಮ್ಮ ವಿಷಯಕ್ಕೆ ನಿಜವಾಗಿ ಒಗ್ಗುವ ಪ್ರಮಾಣ ಅನುಪಲಬ್ಧಿ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯ ಅಭಾವವನ್ನು ಅರಿಯುತ್ತೇವೆ ಎಂದು ಭಾಟ್ಟರು. ಹಾಗೆ ಬೇರೆ ಪ್ರಮಾಣ ಬೇಡ, ಬರಿಯ ನೆಲ ಕಂಡರೆ ಸಾಕು ಎಂದು ಪ್ರಾಭಾಕರರು. ಮಿಷಿಗನ್ ಮೈದಾನದಲ್ಲಿ ಈ ಹಳೆಯ ಜಗಳಕ್ಕೆ ಹೊಸ ಜೀವ ಬಂತು. ಎದುರಾಳಿ ಚೆಂಡು ಹಿಡಿದು ಓಡುವ ದಾರಿಯಲ್ಲಿ ಟ್ಯಾಕಲ್ ಮಾಡುವವನು ಕಾಣುತ್ತಿಲ್ಲ. ಇದು ಟ್ಯಾಕ್ಲರನ ಅಭಾವವೋ, ಅಥವಾ ಬರಿಯ ಹುಲ್ಲುಹಾಸಿನ ದರ್ಶನವೋ? ಭಾಟ್ಟ ಅಭಿಮಾನಿಗಳು ಕೋಚನ್ನು ತೆಗೆಯಿರಿ ಎಂದರು. ಪ್ರಾಭಾಕರ ಅಭಿಮಾನಿಗಳು, ಆ ಜಾಗದಲ್ಲಿ ಯಾರೂ ಇರಬೇಕಾಗಿಯೇ ಇರಲಿಲ್ಲ, ಅದೇ 3-3-5ರ ಮರ್ಮ ಎಂದರು.

ಸೂತ್ರ ವಿಚಾರ

3-3-5 ಎಂಬುದು ಸೂತ್ರ. ಮುಂದೆ ಮೂವರು, ನಡುವೆ ಮೂವರು ಲೈನ್‌ಬ್ಯಾಕರ್‌ಗಳು, ಹಿಂದೆ ಐವರು. ಅಲ್ಪಾಕ್ಷರ, ಅಸಂದಿಗ್ಧ. ವೆಸ್ಟ್ ವರ್ಜೀನಿಯಾದಲ್ಲಿ ಇದನ್ನು ಬಲ್ಲವನು ಜೆಫ್ ಕ್ಯಾಸ್ಟೀಲ್. ರಾಡ್ರಿಗೆಜ್ ಮಿಷಿಗನ್ನಿಗೆ ಬರುವಾಗ ಕ್ಯಾಸ್ಟೀಲ್ ಬರಲಿಲ್ಲ. ಗುರು ಬಂದ, ಸೂತ್ರ ಬಂತು, ಭಾಷ್ಯಕಾರ ಊರಲ್ಲೇ ಉಳಿದ. ಇಡೀ ವಿವಾದದ ಗಂಟು ಇಲ್ಲಿದೆಯೆಂದು ಗ್ರಂಥಕಾರನ ದೃಢವಾದ ಅಭಿಪ್ರಾಯ. ಹಾಸ್ಯವನ್ನು ಒಂದು ಗಳಿಗೆ ಬದಿಗಿಟ್ಟು ಹೇಳುತ್ತಿದ್ದೇನೆ.

ಬೇರೆ ಸಂಪ್ರದಾಯದ ಪಂಡಿತರ ಕೈಗೆ ಸೂತ್ರ ಹೋಯಿತು. 2008ರಲ್ಲಿ ಸ್ಕಾಟ್ ಶೇಫರ್. ಪರ್ಡ್ಯೂ ಎದುರು 48 ಅಂಕ ಹೋದವು, ವರ್ಷ ಕಳೆಯುವುದರೊಳಗೆ ಆತನೂ ಹೋದ. ನಂತರ ಗ್ರೆಗ್ ರಾಬಿನ್‌ಸನ್. ಈತ ಸಾಮಾನ್ಯನಲ್ಲ: ಡೆನ್ವರ್ ಬ್ರಾಂಕೋಸ್ ತಂಡದ ಡಿಫೆನ್ಸ್ ನಡೆಸಿ ಎರಡು ಸೂಪರ್ ಬೌಲ್ ಗೆದ್ದವನು. ಆದರೆ ಸಿರಾಕ್ಯೂಸಿನಲ್ಲಿ ಮುಖ್ಯ ಕೋಚಾಗಿ ನಾಲ್ಕು ವರ್ಷದಲ್ಲಿ ಹತ್ತೇ ಪಂದ್ಯ ಗೆದ್ದು ಮೂವತ್ತೇಳು ಸೋತವನೂ ಹೌದು. ಟೆಕ್ಸಸ್ ತಂಡದ ಡಿಫೆನ್ಸ್ ಹೊಣೆ ಹೊತ್ತವರಲ್ಲಿ ಒಬ್ಬನಾಗಿದ್ದಾಗ, 2005ರ ಜನವರಿ 1ರ ರೋಸ್ ಬೌಲ್‌ನಲ್ಲಿ ಇದೇ ಮಿಷಿಗನ್ ತಂಡ ಅವನ ಮುಂದೆ 37 ಅಂಕ ಗಳಿಸಿತ್ತು; ಟೆಕ್ಸಸ್ 38 ಗಳಿಸಿದ್ದರಿಂದ ಬಚಾವಾಯಿತು. ಕೆಲಸಕ್ಕೆ ತೆಗೆದುಕೊಳ್ಳುವವರು ಇದನ್ನು ಯೋಗ್ಯತಾಪತ್ರವೆಂದು ಓದಿದರೋ ಏನೋ.

ಭ್ರಮೆಯ ಬಗ್ಗೆಯೂ ಎರಡು ಮಾತು. ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಕೈಚಾಚುವುದು ಹೇಗೆ ಎಂಬುದಕ್ಕೆ ನಮ್ಮ ದಾರ್ಶನಿಕರು ಖ್ಯಾತಿವಾದಗಳನ್ನು ಕಟ್ಟಿದ್ದಾರೆ. ರಾಡ್ರಿಗೆಜ್ 1990ರ ದಶಕದ ಮೊದಲ ವರ್ಷಗಳಲ್ಲಿ, ಗ್ಲೆನ್‌ವಿಲ್ ಸ್ಟೇಟ್ ಎಂಬ ಪುಟ್ಟ ಕಾಲೇಜಿನಲ್ಲಿ, ಇದೇ ಭ್ರಮೆಯನ್ನು ಆಟವಾಗಿ ಕಟ್ಟಿದವನು. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತುತ್ತಾನೆ. ತಡೆಯದೆ ಬಿಟ್ಟ ಒಬ್ಬ ಡಿಫೆಂಡರನ ಮೇಲೆ ಕಣ್ಣಿಟ್ಟಿರುತ್ತಾನೆ. ಅವನು ಓಟಗಾರನ ಬೆನ್ನು ಹತ್ತಿದರೆ ಚೆಂಡನ್ನು ಹಿಂದಕ್ಕೆ ಎಳೆದುಕೊಂಡು ತಾನೇ ಓಡುತ್ತಾನೆ. ಜೋನ್ ರೀಡ್ ಎಂಬ ಈ ಕಲೆಯನ್ನು ಈಗ ದೇಶದ ಹೈಸ್ಕೂಲುಗಳೂ ಆಡುತ್ತವೆ. ಎದುರಾಳಿಯ ಡಿಫೆಂಡರನ ಜ್ಞಾನವನ್ನು ಕೆಡಿಸಲು ಇಷ್ಟು ಶಾಸ್ತ್ರ ರಚಿಸಿದವನ ಸ್ವಂತ ಡಿಫೆಂಡರುಗಳು ಯಾರೂ ಏನೂ ಕೆಡಿಸದೆಯೇ, ಸ್ವಯಂಪ್ರಕಾಶವಾಗಿ, ತಪ್ಪು ಕಡೆ ಓಡುತ್ತಿದ್ದರು. ಕೆಳಗಿನ ದರ್ಜೆಯ ಮ್ಯಾಸಚೂಸೆಟ್ಸ್ ತಂಡವೂ 2010ರಲ್ಲಿ ಅವರೆದುರು 37 ಅಂಕ ಗಳಿಸಿತು.

ಕರ್ಮ ಪ್ರಕರಣ

ಅಭಿಮಾನಿ ದರ್ಶನಗಳಲ್ಲಿ ಬಲಿಷ್ಠವಾದದ್ದು ಪ್ರಾರಬ್ಧವಾದ. ಅದರ ಪ್ರಕಾರ ಯಾವ ಕೋಚೂ ತನ್ನ ಕರ್ಮದ ಫಲವನ್ನು ಉಣ್ಣುವುದಿಲ್ಲ. ಹಿಂದಿನವನು ಸೇರಿಸಿದ ಹುಡುಗರ ಫಲವನ್ನು ಉಣ್ಣುತ್ತಾನೆ. ರಾಡ್ರಿಗೆಜ್‌ಗೆ ಮುಂಚೆ ಕೋಚಾಗಿದ್ದ ಲಾಯ್ಡ್ ಕಾರ್ 1997ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಗೆದ್ದವನು. ಅವನ ಚಾರ್ಲ್ಸ್ ವುಡ್‌ಸನ್, ಮುಖ್ಯವಾಗಿ ಡಿಫೆನ್ಸಿನಲ್ಲಿ ಆಡುತ್ತಾ ಹೈಸ್ಮನ್ ಟ್ರೋಫಿ ಪಡೆದ ಮೊದಲಿಗ. ಆದರೆ ಕಾರ್ ಬಿಟ್ಟುಹೋದ ಉಗ್ರಾಣದಲ್ಲಿ ಕಾರ್ನರ್‌ಬ್ಯಾಕ್‌ಗಳಿರಲಿಲ್ಲ, ಆದ್ದರಿಂದ ರಾಡ್ರಿಗೆಜ್ ನಿರ್ದೋಷಿ ಎಂದು ಈ ಪಂಥ. ಆ ಹುಡುಗರ ವ್ಯಾಸಂಗಕಾಲ ತೀರುವವರೆಗೆ ಕರ್ಮ ಸವೆಯದು. ಸವೆಯುವಷ್ಟರಲ್ಲಿ ಕೋಚ್ ಇರುವುದಿಲ್ಲ. 2010ರ ಆಗಸ್ಟಿನಲ್ಲಿ ಅನುಭವಿ ಕಾರ್ನರ್‌ಬ್ಯಾಕ್ ಒಬ್ಬನ ಕಣಕಾಲಿನ ಕೀಲು ತಪ್ಪಿ ಆತ ಇಡೀ ವರ್ಷ ಹೊರಗುಳಿದಾಗ, ಅದು ಯಾರ ಕರ್ಮ ಎಂಬ ಬಗ್ಗೆ ಮಾತ್ರ ಗ್ರಂಥಗಳು ಮೌನ.

ಪುರುಷಪ್ರಯತ್ನವಾದಿಗಳ ಬಳಿ ಒಂದೇ ಅಸ್ತ್ರವಿತ್ತು, ಅದು ಬ್ರಹ್ಮಾಸ್ತ್ರ. 2011ರ ಜನವರಿ 1ರಂದು ಮಿಸಿಸಿಪಿ ಸ್ಟೇಟ್ ಎದುರು 52-14ರಿಂದ ಸೋತ ಮೇಲೆ ರಾಡ್ರಿಗೆಜ್‌ಗೆ ರಜೆ ಸಿಕ್ಕಿತು. ಬ್ರೇಡಿ ಹೋಕ್ ಬಂದ, ಗ್ರೆಗ್ ಮ್ಯಾಟಿಸನ್‌ಗೆ ಡಿಫೆನ್ಸ್ ಕೊಟ್ಟ. ಬಹುಪಾಲು ಅದೇ ಹುಡುಗರು. 2010ರಲ್ಲಿ ಪಂದ್ಯಕ್ಕೆ ಸರಾಸರಿ 35.2 ಅಂಕ ಕೊಟ್ಟವರು 2011ರಲ್ಲಿ 17.4 ಕೊಟ್ಟರು. ಹನ್ನೊಂದು ಪಂದ್ಯ ಗೆದ್ದರು, ಶುಗರ್ ಬೌಲನ್ನೂ ಗೆದ್ದರು. ಒಬ್ಬ ಗ್ರೆಗ್ ಹೋಗಿ ಇನ್ನೊಬ್ಬ ಗ್ರೆಗ್ ಬಂದದ್ದರಿಂದ ಅಂಕ ಅರ್ಧವಾಯಿತಲ್ಲ, ಇನ್ನೇನು ಬೇಕು ಎಂದು ಇವರ ಗರ್ಜನೆ. ಪ್ರಾರಬ್ಧವಾದಿಗಳು ಕದಲಲಿಲ್ಲ. ಆ ಹುಡುಗರನ್ನು ಸೇರಿಸಿದವನು ರಾಡ್ರಿಗೆಜ್, ಪುಣ್ಯ ಅವನದು, ಹೋಕ್ ಉಂಡದ್ದು ಪೂರ್ವಾರ್ಜಿತ ಎಂದರು. 2014ರಲ್ಲಿ ಹೋಕ್ ಐದು ಗೆದ್ದು ಏಳು ಸೋತು ಕೆಲಸ ಕಳೆದುಕೊಂಡಾಗ, ಪೂರ್ವಾರ್ಜಿತ ತೀರಿತು ನೋಡಿ ಎಂದು ಎಲೆಅಡಿಕೆ ಹಾಕಿಕೊಳ್ಳುವ ನೆಮ್ಮದಿಯಲ್ಲಿ ಹೇಳಿದರು. ಸುಳ್ಳೆಂದು ತೋರಿಸಲು ಸಾಧ್ಯವೇ ಇಲ್ಲದ ಇಂಥ ಸಿದ್ಧಾಂತವನ್ನು ಗ್ರಂಥಕಾರನು ಗೌರವದಿಂದ ದೂರವಿಡುತ್ತಾನೆ. 2023ರಲ್ಲಿ ತಂಡ ಹದಿನೈದಕ್ಕೆ ಹದಿನೈದೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದಾಗ ಈ ಯಾವ ದರ್ಶನದಲ್ಲೂ ಹೊಸ ಗ್ರಂಥ ಹೊರಬರಲಿಲ್ಲ. ಸುಭಿಕ್ಷ ಕಾಲದಲ್ಲಿ ತರ್ಕ ಬೆಳೆಯದು.

ಪರಿಶಿಷ್ಟ: ಎರಡು ಬಗೆಹರಿಯದ ಪ್ರಶ್ನೆಗಳು

ಇಲಿನಾಯ್ ಪಂದ್ಯ ಮುಗಿದದ್ದು ಹೇಗೆಂದು ಹೇಳುವುದು ಉಳಿದಿದೆ. ಮೂರನೆಯ ಓವರ್‌ಟೈಮಿನಲ್ಲಿ ಇಲಿನಾಯ್ 65 ಮುಟ್ಟಿತು. ಸಮ ಮಾಡಲು ಎರಡು ಅಂಕದ ಇನ್ನೊಂದು ಯತ್ನ ಬೇಕಿತ್ತು. ಲೈನ್‌ಬ್ಯಾಕರ್ ಜೋನಸ್ ಮೂಟನ್ ನುಗ್ಗಿ ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದ, ಪಾಸ್ ನೆಲ ಕಂಡಿತು, ಮಿಷಿಗನ್ ಗೆದ್ದಿತು. ಅಂದರೆ ಪಂದ್ಯ ಗೆಲ್ಲಿಸಿದ್ದು ಡಿಫೆನ್ಸು. ಈ ವಾಕ್ಯವನ್ನು ಗ್ರಂಥಕಾರನು ಹಲವು ಅಭಿಮಾನಿಗಳ ಮುಂದಿಟ್ಟಿದ್ದಾನೆ. ವ್ಯಾಕರಣ ಸರಿಯಿದೆ ಎಂಬುದರಾಚೆಗೆ ಯಾರೂ ಒಪ್ಪಲಿಲ್ಲ.

ಎರಡನೆಯದು ಅದೇ ನವೆಂಬರಿನ ಓಹಾಯೋ ಸ್ಟೇಟ್ ಪಂದ್ಯ. ಮಿಷಿಗನ್ 37-7ರಿಂದ ಸೋತಿತು. ಆಮೇಲೆ ಓಹಾಯೋ ಸ್ಟೇಟಿನ ಕೆಲವು ಆಟಗಾರರು ತಮ್ಮ ಸ್ಮರಣಿಕೆಗಳನ್ನು ಕೊಟ್ಟು ದುಡ್ಡು ಪಡೆದ, ಹಚ್ಚೆ ಹಾಕಿಸಿಕೊಂಡ ಪ್ರಕರಣ ಬಯಲಿಗೆ ಬಂದು, 2011ರಲ್ಲಿ ಆ ವಿಶ್ವವಿದ್ಯಾಲಯ ಹಿಂದಿನ ವರ್ಷದ ತನ್ನ ಗೆಲುವುಗಳನ್ನೆಲ್ಲ ದಾಖಲೆಯಿಂದ ಅಳಿಸಿತು. ಆದರೆ ನಿಯಮದಂತೆ ಸೋತವರ ಸೋಲು ಅಳಿಯುವುದಿಲ್ಲ. ಆದ್ದರಿಂದ ಮಿಷಿಗನ್ ಸೋತಿದೆ, ಗೆದ್ದವರು ಯಾರೂ ಇಲ್ಲ. ಕಾರಣವಿಲ್ಲದೆ ಕಾರ್ಯವೆಲ್ಲಿ ಎಂದು ನೈಯಾಯಿಕರು ಪೆನ್ನು ಕೆಳಗಿಟ್ಟರು. ಎಲ್ಲವೂ ಶೂನ್ಯವೆಂದು ಮೊದಲೇ ಹೇಳಿದ್ದೆವಲ್ಲ ಎಂದು ಮಾಧ್ಯಮಿಕರು ನಕ್ಕರು. ಪ್ರಾರಬ್ಧವಾದಿಗಳು ಮಾತ್ರ, ಆ 37 ಅಂಕಗಳನ್ನು ಬಿಟ್ಟುಕೊಟ್ಟವರಲ್ಲಿ ಲಾಯ್ಡ್ ಕಾರ್ ಸೇರಿಸಿದ ಹುಡುಗರು ಎಷ್ಟು ಮಂದಿ ಎಂದು ಇನ್ನೂ ಎಣಿಸುತ್ತಿದ್ದಾರೆ.