ಬೇರಿಂಗ್ ಹೋಗೇತಿ

ಕಳೆದ ಬೇಸಿಗೆಯ ಒಂದು ರಾತ್ರಿ ಲ್ಯಾಪ್‌ಟಾಪು ‘ಟಕ್, ಟಕ್’ ಅನ್ನತೊಡಗಿತು. ನಾನು ಮೊದಲು ಸಂಶಯಪಟ್ಟದ್ದು ಗೋಡೆಯ ಮೇಲಿನ ಹಲ್ಲಿಯನ್ನು. ಹಲ್ಲಿ ನುಡಿದರೆ ಪಂಚಾಂಗ ತೆಗೆದು ಫಲ ನೋಡಬಹುದು. ಲ್ಯಾಪ್‌ಟಾಪು ನುಡಿದರೆ ಎಲ್ಲಿ ನೋಡುವುದು?

ಅಪ್ಪನಿಗೆ ಆ ತೊಡಕಿಲ್ಲ. ಸವದತ್ತಿ ಕಡೆಯ ನಮ್ಮ ಹೊಲದಲ್ಲಿ ಪಂಪಿನ ಮೋಟರು ದನಿ ಬದಲಿಸಿದರೆ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಇರುವಲ್ಲಿ ಊರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಾನೆ. ಅದನ್ನೇ ತಂದು ಲ್ಯಾಪ್‌ಟಾಪಿನ ಮೂಲೆಗೆ ಇಟ್ಟ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಸುಮ್ನಿರವಾ, ಕೇಳಾಕತ್ತೇನಿ” ಎಂದು ಸೊಸೆಯನ್ನು ಗದರಿ, ತುಸು ಹೊತ್ತಿನ ಮೇಲೆ ತೀರ್ಪು ಕೊಟ್ಟ: “ಬೇರಿಂಗ್ ಹೋಗೇತಿ ಬಿಡೋ ತಮ್ಮಾ.”

ಅಪ್ಪ ಹೇಳಿದ್ದು ಪೂರಾ ತಪ್ಪೇನಲ್ಲ. ಲ್ಯಾಪ್‌ಟಾಪಿನ ಹಳೇ ನಮೂನೆಯ ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಓದುವ ಹೆಡ್ಡು ಅದರ ಮೇಲೆ, ಧೂಳಿನ ಕಣವೂ ತೂರದಷ್ಟು ಸಂದಿನಲ್ಲಿ ತೇಲುತ್ತಿರುತ್ತದೆ. ದಾರಿ ಸಿಗದೆ ಅದು ಮತ್ತೆ ಮತ್ತೆ ಮನೆಗೆ ಮರಳುವ ಸದ್ದೇ ಆ ಟಕ್ ಟಕ್. ಇಂಥದ್ದನ್ನು ನಾನು ತೊಡೆಯ ಮೇಲೆ ಚಾಲೂ ಇಟ್ಟುಕೊಂಡು, ಬೈಲಹೊಂಗಲ–ಸವದತ್ತಿ ಬಸ್ಸಿನ ಹಿಂದಿನ ಸೀಟಿನಲ್ಲಿ ಎಷ್ಟು ಸಲ ಕುಣಿಸಿದ್ದೆನೋ!

ಬೈಲಹೊಂಗಲದ ರಿಪೇರಿ ಅಂಗಡಿಯ ಹುಡುಗ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದ. ಹಳದಿ ಬಣ್ಣ ಬಂತು. ಪಂಚಾಂಗ ಡಿಸ್ಕಿನೊಳಗೇ ಇತ್ತು! ತನ್ನ ರೋಗದ ಲೆಕ್ಕವನ್ನು ಅದು ತಾನೇ ಬರೆದಿಡುತ್ತದಂತೆ. ಅದಕ್ಕೆ ‘ಸ್ಮಾರ್ಟ್’ ಎಂದು ಹೆಸರು. ಕೆಟ್ಟ ಜಾಗ ಕಂಡರೆ ಅಲ್ಲಿಯ ಸಂಸಾರವನ್ನು ಮೀಸಲು ಜಾಗಕ್ಕೆ ಸಾಗಿಸಿ, ನಮಗೆ ಸುಳಿವೂ ಕೊಡದೆ, ‘ರೀಅಲೊಕೇಟೆಡ್’ ಸಾಲಿನಲ್ಲಿ ಅಂಕಿ ಏರಿಸುತ್ತದೆ. ರಾಮದುರ್ಗದ ನೇಕಾರರ ಮಗ್ಗ ನೋಡಿದವರಿಗೆ ಇದು ಬೇಗ ತಿಳಿದೀತು. ಹಾಸಿನ ಎಳೆ ಹರಿದರೆ ಗಂಟು ಹಾಕುತ್ತಾರೆ. ಒಂದೆರಡು ಗಂಟು ಸೀರೆಯಲ್ಲಿ ಕಾಣುವುದೂ ಇಲ್ಲ. ಗೇಣಿಗೊಂದು ಗಂಟು ಬಿದ್ದರೆ ನೂಲೇ ಕೊಳೆತಿದೆ ಎಂದರ್ಥ. ‘ಪೆಂಡಿಂಗ್’ ಎಂಬ ಇನ್ನೊಂದು ಸಾಲೂ ಇದೆ. ಅದನ್ನು ಸರಕಾರಿ ಕಚೇರಿಗೆ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

“ಪೂರಾ ಟೆಸ್ಟ್ ಮಾಡಿಬಿಡು” ಅಂದೆ. “ಬ್ಯಾಡ್ರಿ ಸರ, ಜಡ್ಡಾದವನ್ನ ಓಡಿಸಿ ನೋಡಬಾರ್ದು. ಮೊದಲ ಕಾಪಿ ತಗೊಳ್ಳೂಣು.” ವಯಸ್ಸು ಇಪ್ಪತ್ತು ದಾಟಿರಲಿಕ್ಕಿಲ್ಲ. ಎಷ್ಟೋ ಡಾಕ್ಟರರಿಗಿಂತ ವಾಸಿ.

ಎರಡು ರಾತ್ರಿ ಕಾಪಿ ನಡೆಯಿತು. ಕಿತ್ತೂರಿನ ಪಾಳು ಅರಮನೆ, ಬೈಲಹೊಂಗಲದಲ್ಲಿರುವ ಚೆನ್ನಮ್ಮನ ಸಮಾಧಿ, ತೊರಗಲ್ಲಿನ ಕೋಟೆ, ಎಲ್ಲಮ್ಮನ ಗುಡ್ಡದ ಭಂಡಾರದ ಹಳದಿ, ಎಲ್ಲ ಹೊಸ ಡಿಸ್ಕಿಗೆ ಇಳಿದವು. ಸೊಗಲದ ಜಲಪಾತದ ಮೂರು ಫೋಟೋ ಮಾತ್ರ ತೆರೆಯಲಿಲ್ಲ. ಅಲ್ಲಿ ನೀರಿಗಿಂತ ನನ್ನ ಹೊಟ್ಟೆಯೇ ಹೆಚ್ಚು ಕಾಣುತ್ತಿತ್ತು, ಹೋಗಲಿ.

ಆದರೆ ಪಂಚಾಂಗವನ್ನೂ ಪೂರ್ತಿ ನಂಬುವಂತಿಲ್ಲ. ಗೂಗಲ್ಲಿನವರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ವರದಿ ಬರೆದರು. ಕೆಟ್ಟುಹೋದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಮಾತಾಡಲಿಲ್ಲ. ಹಿಂದಿನ ದಿನವಷ್ಟೇ ಸ್ಕ್ರೂಡ್ರೈವರ್ ಊರಿ “ಛಲೋ ಐತಿ” ಎಂದಿದ್ದ ಮೋಟರು ಅಂದು ಮುಂಜಾನೆ ಸುಟ್ಟಿತ್ತು. ರಿವೈಂಡಿಂಗಿಗೆ ಟ್ರ್ಯಾಕ್ಟರಿನಲ್ಲಿ ಬೈಲಹೊಂಗಲದ ಹಾದಿ ಹಿಡಿದಿತ್ತು.